ಅರ್ಧ ಲೋಡಿಗೆ ಎಷ್ಟು ಬಾಡಿಗೆ? ಪಾರ್ಟ್ ಲೋಡ್ ಓಡಿಸಿ ಕಲಿತ ಲೆಕ್ಕ

ನಾನು ಹಾವೇರಿ ಕಡೆಯವನು. ಹನ್ನೊಂದು ವರ್ಷ ಬೇರೆಯವರ ಲಾರಿ ಓಡಿಸಿದೆ. ಆಮೇಲೆ ಸಾಲ ಮಾಡಿ ಒಂದು ಹಳೇ ಗಾಡಿ ತಗೊಂಡೆ. ಆರು ಚಕ್ರ, 19 ಅಡಿ ಬಾಡಿ, ಪಾಸಿಂಗ್ (ಹೊರಲು ಅನುಮತಿ ಇರುವ ಭಾರ) ಏಳು ಟನ್. ಈಗ ಅಂಥವೇ ಎರಡು ಇವೆ. ಒಂದನ್ನು ನಾನು ಓಡಿಸುತ್ತೇನೆ, ಇನ್ನೊಂದಕ್ಕೆ ಡ್ರೈವರ್ ಇದ್ದಾನೆ. ಬೆಂಗಳೂರು–ಹುಬ್ಬಳ್ಳಿ ಲೈನೇ ನಮಗೆ ಅನ್ನ ಹಾಕುವುದು. ಜಾಸ್ತಿ ಟ್ರಿಪ್ಪುಗಳು ಪಾರ್ಟ್ ಲೋಡ್, ಅಂದರೆ ಒಂದೇ ಗಾಡಿಯಲ್ಲಿ ಹಲವರ ಮಾಲು.

ಹೊಸದಾಗಿ ಗಾಡಿ ತಗೊಂಡ ಹುಡುಗರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. "ಅಣ್ಣಾ, ಅರ್ಧ ಗಾಡಿ ಮಾಲಿಗೆ ಅರ್ಧ ಬಾಡಿಗಿ ತಗೊಂಡ್ರ ಸಾಕಲ್ಲಾ?" ಸಾಕಾಗುವುದಿಲ್ಲ. ಇದನ್ನು ತಿಳಿಯಲು ನನಗೂ ತುಂಬಾ ಟ್ರಿಪ್ಪು ಬೇಕಾಯಿತು.

ಡ್ರೈವರ್ ಆಗಿದ್ದಾಗ ನನಗೆ ತಿಂಗಳ ಸಂಬಳ, ಟ್ರಿಪ್ಪಿಗೆ ಇಷ್ಟು ಅಂತ ಬಾಟಾ. ಪೀಣ್ಯದಲ್ಲಿ ಲೋಡು ಮಾಡಿ ಹುಬ್ಬಳ್ಳಿಯ ಒಂದೇ ಗೋಡೌನಿಗೆ ಇಳಿಸಿದರೂ ಅದೇ ಬಾಟಾ. ದಾವಣಗೆರೆ, ಹರಿಹರ, ರಾಣೆಬೆನ್ನೂರು, ಹಾವೇರಿ ಅಂತ ಐದು ಕಡೆ ನಿಂತು ಇಳಿಸಿದರೂ ಅದೇ ಬಾಟಾ. ಒಂದೊಂದು ಕಡೆಯೂ ಹಗ್ಗ ಬಿಚ್ಚಬೇಕು, ತಾಡಪಾಲು ಸರಿಸಬೇಕು, ಹಮಾಲರಿಗೆ ಕಾಯಬೇಕು, ಮಾಲು ಎಣಿಸಿ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು, ಮತ್ತೆ ಹಗ್ಗ ಕಟ್ಟಬೇಕು. ಒಂದು ರಾತ್ರಿಯ ಟ್ರಿಪ್ಪು ಎರಡು ದಿನ ಆಗುತ್ತಿತ್ತು. ಮಾಲೀಕರಿಗೆ ಐದು ಪಾರ್ಟಿಗಳಿಂದ (ಮಾಲಿನವರಿಂದ) ಬಾಡಿಗೆ ಬರುತ್ತಿತ್ತು. ನನಗೆ ಬರುತ್ತಿದ್ದದ್ದು ನಿದ್ದೆಗೆಟ್ಟ ಕಣ್ಣು. ಆ ಎರಡನೇ ದಿನಕ್ಕೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ಇದು ಅನ್ಯಾಯ ಅಂತ ಆಗಲೂ ಅನಿಸುತ್ತಿತ್ತು, ಈಗಲೂ ಅನಿಸುತ್ತದೆ.

ಪಾರ್ಟ್ ಲೋಡ್ ಬಾಡಿಗೆ ನಮ್ಮ ಕೈಗೆ ಮೂರು ದಾರಿಯಲ್ಲಿ ಬರುತ್ತದೆ.

ಮೊದಲನೆಯದು ಟ್ರಾನ್ಸ್‌ಪೋರ್ಟ್ ಆಫೀಸಿನ ಮೂಲಕ. ಅವರು ಹತ್ತಾರು ಪಾರ್ಟಿಗಳ ಮಾಲು ಬುಕ್ ಮಾಡಿ ಗೋಡೌನಿನಲ್ಲಿ ಕೂಡಿಡುತ್ತಾರೆ. ಗಾಡಿ ತುಂಬುವಷ್ಟಾದಾಗ ನಮ್ಮನ್ನು ಕರೆಯುತ್ತಾರೆ. ಪಾರ್ಟಿಗಳಿಂದ ಅವರು ಕೆಜಿ ಲೆಕ್ಕದಲ್ಲಿ ತಗೊಳ್ಳುತ್ತಾರೆ. ನಮಗೆ ಇಡೀ ಗಾಡಿಗೆ ಒಂದು ಮೊತ್ತ. ನಡುವಿನ ಲಾಭ ಅವರದು, ಅದರ ಬಗ್ಗೆ ನನಗೆ ತಕರಾರಿಲ್ಲ. ಗೋಡೌನ್ ಬಾಡಿಗೆ, ಹಮಾಲಿ, ಮಾಲು ಹಾಳಾದರೆ ಕಟ್ಟಿಕೊಡುವುದು ಎಲ್ಲ ಅವರ ತಲೆ ಮೇಲೆ. ಆದರೆ ಎಷ್ಟು ಕಡೆ ಇಳಿಸಬೇಕು ಅಂತ ಬಾಡಿಗೆ ಮಾತಾಡುವಾಗಲೇ ಕೇಳಬೇಕು. ಲೋಡು ಆದಮೇಲೆ ಕೇಳಿದರೆ ಕೆಲಸಕ್ಕೆ ಬರುವುದಿಲ್ಲ.

ಎರಡನೆಯದು ಬ್ರೋಕರ್ ಮೂಲಕ. ಗಾಡಿಯಲ್ಲಿ ಉಳಿದ ಜಾಗಕ್ಕೆ ಅವರು ಮಾಲು ಹುಡುಕಿ ಕೊಡುತ್ತಾರೆ, ಕಮಿಷನ್ ಹಿಡಿಯುತ್ತಾರೆ. ಮೂರನೆಯದು ನಮ್ಮದೇ ಪಾರ್ಟಿ, ನೇರ ಫೋನು. ಉಳಿತಾಯ ಇರುವುದು ಇಲ್ಲಿಯೇ. ಆದರೆ ನಂಬಿಕೆ ಕಟ್ಟಲು ವರ್ಷಗಳು ಬೇಕು.

ಈಗ ಅಳತೆಯ ವಿಷಯ. ನನ್ನ ಗಾಡಿಯ ಬಾಡಿ 19 ಅಡಿ ಉದ್ದ, 7 ಅಡಿ ಅಗಲ, 7 ಅಡಿ ಎತ್ತರ. ಗುಣಿಸಿದರೆ 931 ಘನ ಅಡಿ. ಏಳು ಟನ್ ಅಂದರೆ 7,000 ಕೆಜಿ. ಭಾಗಿಸಿದರೆ ಒಂದು ಘನ ಅಡಿಗೆ ಏಳೂವರೆ ಕೆಜಿ. ಈ ಏಳೂವರೆಯನ್ನು ನಾನು ಕ್ಯಾಬಿನ್ ಒಳಗೆ ಬರೆದು ಅಂಟಿಸಿದ್ದೇನೆ. ಒಂದು ಘನ ಅಡಿಗೆ ಅದಕ್ಕಿಂತ ಭಾರ ಇರುವ ಮಾಲಿಗೆ ತೂಕದ ಮೇಲೆ ಬಾಡಿಗೆ. ಅದಕ್ಕಿಂತ ಹಗುರ ಇದ್ದರೆ ಜಾಗದ ಮೇಲೆ ಬಾಡಿಗೆ. ಟ್ರಾನ್ಸ್‌ಪೋರ್ಟ್ ಆಫೀಸುಗಳೂ ಇದನ್ನೇ ಮಾಡುತ್ತವೆ. ಘನ ಅಡಿಗೆ ಒಬ್ಬರು 6 ಕೆಜಿ ಹಿಡಿದರೆ ಇನ್ನೊಬ್ಬರು 8, 10 ಹಿಡಿಯುತ್ತಾರೆ, ಅಷ್ಟೇ ವ್ಯತ್ಯಾಸ.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ, ಯಾಕಂದರೆ ದಾವಣಗೆರೆ ಮಂಡಕ್ಕಿ ನೋಡಿದ್ದೇವೆ. ಚೀಲ ಆಕಾಶದಷ್ಟು, ತೂಕ ಹತ್ತಿಯಷ್ಟು. ಗಾಡಿ ತುಂಬಾ ಮಂಡಕ್ಕಿ ಹಾಕಿದರೂ ಎರಡು ಟನ್ನಿನ ಆಸುಪಾಸು. ಬ್ಯಾಡಗಿ ಮೆಣಸಿನಕಾಯಿ ಅದಕ್ಕಿಂತ ಸ್ವಲ್ಪ ಭಾರ, ಆದರೂ ತೂಕಕ್ಕೆ ಮೊದಲು ಜಾಗವೇ ಮುಗಿಯುತ್ತದೆ. ಪೀಣ್ಯದ ನಟ್ಟು ಬೋಲ್ಟು ಅದಕ್ಕೆ ಉಲ್ಟಾ. ತಳದಲ್ಲಿ ಮೊಣಕಾಲೆತ್ತರ ಬರುವಷ್ಟರಲ್ಲಿ ಪಾಸಿಂಗ್ ಮುಗಿದಿರುತ್ತದೆ. ಈ ಎರಡೂ ಥರದ ಮಾಲನ್ನು ಒಂದೇ ಗಾಡಿಯಲ್ಲಿ ಕೂಡಿಸುವುದೇ ನಿಜವಾದ ಕಸುಬು. ತಳಕ್ಕೆ ಕಬ್ಬಿಣ, ಮೇಲೆ ಹಗುರ ಡಬ್ಬಿ.

ಇತ್ತೀಚಿನ ಒಂದು ಟ್ರಿಪ್ಪಿನ ಲೆಕ್ಕ ಹೇಳುತ್ತೇನೆ, ಓದಲು ಸುಲಭವಾಗಲಿ ಅಂತ ಚಿಲ್ಲರೆ ಬಿಟ್ಟಿದ್ದೇನೆ. ಫುಲ್ ಲೋಡ್ ಸಿಕ್ಕಿದ್ದರೆ ಹುಬ್ಬಳ್ಳಿಗೆ 17,000 ರೂಪಾಯಿ. ಸಿಗಲಿಲ್ಲ. ಹುಬ್ಬಳ್ಳಿಗೆ ಮೂರು ಟನ್ ಪಂಪಿನ ಬಿಡಿಭಾಗ ಸಿಕ್ಕಿತು, ಟನ್ನಿಗೆ 3,000ದಂತೆ 9,000. ದಾವಣಗೆರೆಗೆ ರಟ್ಟಿನ ಡಬ್ಬಿಗಳು, ತೂಕ 900 ಕೆಜಿ, ಜಾಗ 240 ಘನ ಅಡಿ. ಏಳೂವರೆಯಿಂದ ಗುಣಿಸಿದರೆ 1,800 ಕೆಜಿ. ಟನ್ನಿಗೆ 2,500ದಂತೆ 4,500. ರಾಣೆಬೆನ್ನೂರಿಗೆ ಡ್ರಿಪ್ ಪೈಪಿನ ಸುರುಳಿ, ತೂಕ 500 ಕೆಜಿ, ಜಾಗ 200 ಘನ ಅಡಿ. ಲೆಕ್ಕಕ್ಕೆ 1,500 ಕೆಜಿ. ಟನ್ನಿಗೆ 2,800ದಂತೆ 4,200. ಒಟ್ಟು 17,700. ಎರಡು ಹೆಚ್ಚುವರಿ ಪಾಯಿಂಟಿಗೆ (ಮಾಲು ಇಳಿಸುವ ಜಾಗಕ್ಕೆ) 500ರಂತೆ 1,000 ಸೇರಿ 18,700.

ಅದೇ ಮೂರು ಮಾಲಿಗೆ ಬರೀ ತೂಕ ನೋಡಿ ಬಾಡಿಗೆ ಒಪ್ಪಿದ್ದರೆ ಬರುತ್ತಿದ್ದದ್ದು 12,650. ಗಾಡಿ ಅದೇ, ರಸ್ತೆ ಅದೇ, ಡೀಸೆಲ್ ಅದೇ. 410 ಕಿಲೋಮೀಟರಿಗೆ ಲೀಟರಿಗೆ ಆರೂವರೆ ಕಿಲೋಮೀಟರ್ ಹಿಡಿದರೆ 63 ಲೀಟರ್. ಲೀಟರಿಗೆ 90 ಅಂದರೂ 5,670 ಡೀಸೆಲಿಗೇ ಹೋಯಿತು. ಟೋಲು, ಬಾಟಾ, ಟೈರು, ಬ್ಯಾಂಕಿನ ಕಂತು ಬೇರೆ. ನನ್ನ ಮೊದಲ ಎರಡು ವರ್ಷ ಹೀಗೇ ಹೋದವು. ಗಾಡಿ ದಿನಾ ಓಡುತ್ತಿತ್ತು, ಕಂತು ಮಾತ್ರ ಕಟ್ಟಲಾಗುತ್ತಿರಲಿಲ್ಲ. ಮನೆಯವಳು ಲೆಕ್ಕದ ಪುಸ್ತಕ ಬರೆಯಲು ಕೂತ ಮೇಲೆ ಗೊತ್ತಾಯಿತು, ದುಡ್ಡು ಸೋರುತ್ತಿದ್ದದ್ದು ಹಗುರ ಮಾಲಿನಲ್ಲಿ.

ಇನ್ನೊಂದು ಮಾತು. ಕೆಲವು ಮಾಲಿನ ಮೇಲೆ ಬೇರೇನೂ ಇಡುವಂತಿಲ್ಲ. ಗಾಜು, ಯಂತ್ರ, ಮರದ ಪೆಟ್ಟಿಗೆ. ಅದಕ್ಕೆ ಘನ ಅಡಿ ಲೆಕ್ಕ ಹಾಕಬೇಡಿ, ಬಾಡಿಯ ಉದ್ದದಲ್ಲಿ ಎಷ್ಟು ಅಡಿ ಹಿಡಿಯಿತು ಅಂತ ನೋಡಿ. 17,000ವನ್ನು 19ರಿಂದ ಭಾಗಿಸಿದರೆ ಅಡಿಗೆ ಸುಮಾರು 900. ನಾಲ್ಕಡಿ ಹಿಡಿದರೆ 3,600. ಪೆಟ್ಟಿಗೆ ಸಣ್ಣದಿರಲಿ, ಅದರ ಮೇಲಿನ ಗಾಳಿಯೂ ನನ್ನ ಗಾಡಿಯದೇ.

ಕಾಗದದ ವಿಷಯ ಬೇಗ ಮುಗಿಸುತ್ತೇನೆ. ಪಾರ್ಟಿಗೊಂದು ಬಿಲ್ಟಿ (ಮಾಲು ಸಾಗಿಸುವ ರಸೀದಿ) ಇರಲೇಬೇಕು. 50,000 ರೂಪಾಯಿಗಿಂತ ಹೆಚ್ಚಿನ ಬೆಲೆಯ ಮಾಲಿಗೆ ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಕಾಗದ), ಅದರಲ್ಲಿ ನಮ್ಮ ಗಾಡಿ ನಂಬರ್. ಎಲ್ಲವನ್ನೂ ಕೂಡಿಸಿ ಒಂದೇ ಕಾಗದ ಮಾಡಲು ಕನ್ಸಾಲಿಡೇಟೆಡ್ ಇ-ವೇ ಬಿಲ್ ಇದೆ, ಆದರೆ ಅವಧಿ ಒಂದೊಂದು ಬಿಲ್ಲಿಗೂ ಬೇರೆ ಬೇರೆ. 2021ರಿಂದ 200 ಕಿಲೋಮೀಟರಿಗೆ ಒಂದು ದಿನ. ದಾವಣಗೆರೆ ಮಾಲಿಗೆ ಎರಡು ದಿನ ಸಿಕ್ಕರೆ ಹುಬ್ಬಳ್ಳಿ ಮಾಲಿಗೆ ಮೂರು ದಿನ. ಮೊದಲನೆಯ ಪಾಯಿಂಟಿನಲ್ಲಿ ತಡವಾದರೆ ಮುಂದಿನವರ ಬಿಲ್ ಮುಗಿಯುತ್ತದೆ. ಬಾಡಿಗೆಯಲ್ಲಿ ಟಿಡಿಎಸ್ (ಮೊದಲೇ ಮುರಿಯುವ ಆದಾಯ ತೆರಿಗೆ) ಹಿಡಿಯಲು ಬಂದರೆ ಹೇಳಿ: ಹತ್ತು ಅಥವಾ ಅದಕ್ಕಿಂತ ಕಡಿಮೆ ಗಾಡಿ ಇರುವವರು ಪ್ಯಾನ್ ಜೊತೆ ಡಿಕ್ಲರೇಷನ್ ಕೊಟ್ಟರೆ ಹಿಡಿಯುವಂತಿಲ್ಲ.

ಬ್ಯಾಲೆನ್ಸ್ (ಬರಬೇಕಾದ ಬಾಕಿ ಬಾಡಿಗೆ) ಬಗ್ಗೆ ಮಾತ್ರ ಹುಷಾರು. ಫುಲ್ ಲೋಡಿನಲ್ಲಿ ಒಂದು ಕಡೆ ಬ್ಯಾಲೆನ್ಸ್ ಉಳಿದರೆ, ಪಾರ್ಟ್ ಲೋಡಿನಲ್ಲಿ ಮೂರು ಕಡೆ ಉಳಿಯುತ್ತದೆ. ಒಮ್ಮೆ ಒಂದು ಡಬ್ಬಿಯ ಮೂಲೆ ಹರಿದಿದೆ ಅಂತ ಒಬ್ಬ ಪಾರ್ಟಿ 1,500 ಹಿಡಿದರು. ಅದು ಲೋಡು ಮಾಡುವಾಗಲೇ ಹರಿದಿತ್ತು. ನಾನು ಬಿಲ್ಟಿಯಲ್ಲಿ ಬರೆಸಿರಲಿಲ್ಲ, ಅದಕ್ಕೇ ಹೋಯಿತು. ಈಗ ಡಬ್ಬಿ ಎಣಿಸದೆ ಸಹಿ ಹಾಕುವುದಿಲ್ಲ. ಹರಿದಿದ್ದರೆ ಬಿಲ್ಟಿ ಮೇಲೆ ಬರೆಸಿ ಫೋಟೋ ತೆಗೆಯುತ್ತೇನೆ. ಮಾಲು ಇಳಿದ ತಕ್ಷಣ ಸೀಲು-ಸಹಿ ಆದ ಬಿಲ್ಟಿಯ ಫೋಟೋ ಅಲ್ಲಿಂದಲೇ ಕಳಿಸುತ್ತೇನೆ. ಮೂಲ ಕಾಗದ ಅಂಚೆಯಲ್ಲಿ ಹೋಗಿ ತಲುಪುವವರೆಗೆ ಕಾದರೆ ತಿಂಗಳು ಕಳೆಯುತ್ತದೆ.

ನನ್ನ ಡ್ರೈವರ್‌ಗೆ ಕೊಡುವುದು ಹೀಗೆ. ಸಂಬಳ ಬೇರೆ, ಟ್ರಿಪ್ ಬಾಟಾ ಬೇರೆ. ಮೊದಲ ಪಾಯಿಂಟ್ ಬಾಟಾದಲ್ಲೇ ಸೇರಿದೆ. ಆಮೇಲಿನ ಒಂದೊಂದು ಪಾಯಿಂಟಿಗೂ 300. ಪಾರ್ಟಿಯಿಂದ ನಾನು 500 ತಗೊಳ್ಳುತ್ತೇನಲ್ಲ, ಅದರಲ್ಲಿ ಜಾಸ್ತಿ ಪಾಲು ಹಗ್ಗ ಬಿಚ್ಚಿ ಕಟ್ಟಿದವನಿಗೆ. ಮರುದಿನ ಬೆಳಿಗ್ಗೆಯವರೆಗೂ ಮಾಲು ಇಳಿಯದಿದ್ದರೆ ಹಾಲ್ಟಿಂಗ್ ದುಡ್ಡಿನಲ್ಲಿ ಅರ್ಧ ಅವನದು. ಪಾರ್ಟಿ ಹಾಲ್ಟಿಂಗ್ ಕೊಡದಿದ್ದರೂ ಅವನ ಊಟದ ಬಾಟಾ ನಿಲ್ಲುವುದಿಲ್ಲ. "ಹಿಂಗ ಕೊಟ್ರ ನಿನಗೇನು ಉಳೀತದ?" ಅಂತ ಲೈನಿನ ಗೆಳೆಯರು ಕೇಳುತ್ತಾರೆ. ಡ್ರೈವರ್ ಎರಡು ಗಂಟೆ ಮಲಗಿ ಎದ್ದು ಓಡಿಸಿದರೆ ಗಾಡಿಯೂ ಉಳಿಯುತ್ತದೆ, ಮನುಷ್ಯನೂ ಉಳಿಯುತ್ತಾನೆ ಅಂತ ಅವರಿಗೆ ಹೇಳುತ್ತೇನೆ. ಹಿರಿಯೂರು ದಾಟಿದ ಮೇಲೆ ರಾತ್ರಿ ಮೂರು ಗಂಟೆಗೆ ಕಣ್ಣು ಎಳೆಯುವುದು ಹೇಗಿರುತ್ತದೆ ಅಂತ ನನಗೆ ಗೊತ್ತು.

ವಾಪಸ್ ಬರುವಾಗಿನ ಲೋಡು ಕಷ್ಟದ ವಿಷಯ. ಖಾಲಿ ಬರುವುದಕ್ಕಿಂತ ಏನಾದರೂ ಸಿಕ್ಕರೆ ಸಾಕು ಅಂತ ಮನಸ್ಸು ಹೇಳುತ್ತದೆ. ನಾನು ಡೀಸೆಲ್, ಟೋಲು, ಬಾಟಾ ಮೂರನ್ನೂ ಕೂಡಿಸಿ ಅದರ ಕೆಳಗೆ ಇಳಿಯುವುದಿಲ್ಲ. ಒಮ್ಮೆ ಇಳಿದರೆ ಮುಂದಿನ ಸಲ ಬ್ರೋಕರ್ ಅದೇ ರೇಟು ನೆನಪಿಸುತ್ತಾರೆ. ಜನವರಿಯಿಂದ ಏಪ್ರಿಲ್‌ವರೆಗೆ ಚಿಂತೆ ಕಡಿಮೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಕಾಯುತ್ತಿರುತ್ತವೆ. ಅಲ್ಲಿ ಬಾಡಿಗೆ ಮಾತಾಡುವಾಗ ನಾನು ತೂಕ ಕೇಳುವುದೇ ಇಲ್ಲ. ಚೀಲ ಎಷ್ಟು, ಎಷ್ಟು ಅಡಿವರೆಗೆ ಬರುತ್ತದೆ, ಯಶವಂತಪುರದಲ್ಲಿ ಎಷ್ಟು ಅಂಗಡಿಗೆ ಇಳಿಸಬೇಕು, ಇಷ್ಟು ಕೇಳುತ್ತೇನೆ.