ಅಕ್ಕನ ಹಳೇ ರೆಡ್ಮಿ ನೋಟ್ 4ಕ್ಕೆ ಲಿನೇಜ್ ಹಾಕಿದ್ದು, ಆಮೇಲೆ ರೂಟ್ ಮಾಡಿದ್ದು

ನಮ್ಮಕ್ಕ 2017ರಲ್ಲಿ ತಗೊಂಡಿದ್ದ ರೆಡ್ಮಿ ನೋಟ್ 4 ಈಗ ಅಮ್ಮನ ಅಡುಗೆಮನೆ ರೇಡಿಯೋ. ಮಿಕ್ಸಿ ಪಕ್ಕದ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿ ಬೆಳಿಗ್ಗೆ ಐದೂವರೆಗೆ ಆಕಾಶವಾಣಿ ಹಾಕಿದರೆ, ರಾತ್ರಿ ಪಾತ್ರೆ ತೊಳೆದು ಮುಗಿಯೋ ತನಕ ಅದು ಅಲ್ಲಿಂದ ಅಲ್ಲಾಡಲ್ಲ. ಹೋದ ವರ್ಷ ಅದು ತಕರಾರು ಶುರು ಮಾಡಿತು. ಕೆಲವು ಆ್ಯಪ್ ತೆರೆಯೋದೇ ಇಲ್ಲ, ಕೆಲವು ವೆಬ್‌ಸೈಟಿಗೆ ಹೋದರೆ ‘ಸಂಪರ್ಕ ಸುರಕ್ಷಿತವಲ್ಲ’ ಅಂತ ಕೆಂಪು ಪರದೆ. ‘ಮುದುಕಿ ಥರ ಆಗಿದೆ, ಯಾರನ್ನೂ ನಂಬಲ್ಲ’ ಅಂದರು ಅಮ್ಮ.

ಅಮ್ಮ ತಮಾಷೆಗೆ ಅಂದಿದ್ದೇ ನಿಜವಾದ ಕಾರಣ. ಈ ಫೋನಿಗೆ ಕಂಪನಿಯಿಂದ ಬಂದ ಕೊನೆಯ ಸಾಫ್ಟ್‌ವೇರ್ ಎಂಐಯುಐ 11. ಮೇಲೆ ಹೊಸ ಬಣ್ಣ, ಒಳಗೆ ಆಂಡ್ರಾಯ್ಡ್ 7.0. ಇವತ್ತು ಲೆಕ್ಕವಿಲ್ಲದಷ್ಟು ವೆಬ್‌ಸೈಟುಗಳು ‘ಲೆಟ್ಸ್ ಎನ್‌ಕ್ರಿಪ್ಟ್’ನವರು ಪುಕ್ಕಟೆ ಕೊಡೋ, ‘ಈ ಸೈಟು ಅಸಲಿ’ ಅಂತ ಹೇಳೋ ಪ್ರಮಾಣಪತ್ರ ಇಟ್ಟುಕೊಂಡಿವೆ. ಅವರ ಮೂಲ ಪ್ರಮಾಣಪತ್ರವನ್ನು ಆಂಡ್ರಾಯ್ಡ್ ಗುರುತಿಸೋದು 7.1.1ರಿಂದ ಈಚೆಗೆ. ಹಳೇ ಫೋನುಗಳಿಗೋಸ್ಕರ ಇನ್ನೊಬ್ಬರ ಸಹಿ ಹಾಕಿಸಿ ಒಂದಷ್ಟು ಕಾಲ ದೂಡಿದರು. ಆ ಸಹಿಯ ಅವಧಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. 7.0 ಇರೋ ನಮ್ಮ ಫೋನು ಕೂದಲೆಳೆಯಲ್ಲಿ ಆಚೆ ಉಳಿಯಿತು.

ಹಾಗಂತ ಫೋನು ಹಾಳಾಗಿಲ್ಲ. ಸ್ನಾಪ್‌ಡ್ರ್ಯಾಗನ್ 625 ಪ್ರೊಸೆಸರ್, 3 ಜಿಬಿ ರ‍್ಯಾಮ್, 4100 ಎಂಎಎಚ್ ಬ್ಯಾಟರಿ. ಎತ್ತು ಗಟ್ಟಿಯಾಗೇ ಇದೆ, ಗಾಡಿ ಹಲಗೆ ಲಡ್ಡಾಗಿದೆ. ಹಲಗೆ, ಅಂದರೆ ಒಳಗಿನ ಆಂಡ್ರಾಯ್ಡ್, ಬದಲಾಯಿಸೋಣ ಅಂತ ಕೂತೆ.

ಶುರು ಮಾಡೋ ಮುಂಚೆ ಒಂದು ಗೊಂದಲ ಬಿಡಿಸಿಬಿಡ್ತೀನಿ. ನನ್ನ ಜೆರಾಕ್ಸ್ ಅಂಗಡಿಗೆ ಬರೋ ಕಾಲೇಜು ಹುಡುಗರು ‘ಅಣ್ಣಾ, ರೂಟ್ ಮಾಡಿಕೊಡಿ’ ಅಂತಾರೆ. ಕೇಳಿ ನೋಡಿದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಬೇಕಾಗಿರೋದು ರೂಟ್ ಅಲ್ಲ, ಹೊಸ ಆಂಡ್ರಾಯ್ಡ್. ಎರಡೂ ಬೇರೆ ಬೇರೆ. ಬೂಟ್‌ಲೋಡರ್ ಅಂದರೆ ಊರಬಾಗಿಲ ಕಟ್ಟೆ ಮೇಲೆ ಕೂತ ಅಜ್ಜ ಇದ್ದ ಹಾಗೆ. ಫೋನ್ ಆನ್ ಆದಾಗ ಒಳಗೆ ಬರೋ ಸಾಫ್ಟ್‌ವೇರನ್ನ ‘ಯಾರ ಮಗನಪ್ಪಾ ನೀನು?’ ಅಂತ ಕೇಳೋದು ಅವನ ಕೆಲಸ. ಕಂಪನಿಯ ಸಹಿ ಇಲ್ಲದಿದ್ದರೆ ವಾಪಸ್. ಆ ಅಜ್ಜನನ್ನ ಒಪ್ಪಿಸೋದೇ ಅನ್‌ಲಾಕ್. ಒಪ್ಪಿಸಿದ ಮೇಲೆ ಹಳೇ ಸಂಸಾರ ಖಾಲಿ ಮಾಡಿಸಿ ಹೊಸಬರನ್ನ ತಂದು ಕೂರಿಸೋದು ಕಸ್ಟಮ್ ರಾಮ್, ಅಂದರೆ ಕಂಪನಿಯದ್ದಲ್ಲದ ಆಂಡ್ರಾಯ್ಡ್ (ಮೇಲೆ ಹೇಳಿದ ರ‍್ಯಾಮ್ ಬೇರೆ). ಹೊಸ ಮನೆಯಲ್ಲಿ ಮಾಲೀಕರೂ ಮುಟ್ಟಬಾರದು ಅಂತ ಬೀಗ ಹಾಕಿರೋ ಕೋಣೆಯ ಬೀಗದಕೈ ಕೈಗೆ ಬಂದರೆ ಅದು ರೂಟ್. ಬೀಗದಕೈ ಇಲ್ಲದೆಯೂ ಮನೆಯಲ್ಲಿ ಸುಖವಾಗಿರಬಹುದು.

ನಾನು ಹಾಕಿದ್ದು ಲಿನೇಜ್ ಓಎಸ್. ಮೊದಲು ಸಯನೋಜನ್‌ಮಾಡ್ ಅಂತ ಒಂದು ಕಸ್ಟಮ್ ರಾಮ್ ಇತ್ತು, 2016ರ ಡಿಸೆಂಬರಿನಲ್ಲಿ ಅದರ ಹಿಂದಿದ್ದ ಕಂಪನಿ ಅದನ್ನ ನಿಲ್ಲಿಸಿದಾಗ ಅದರ ಕೋಡ್ ಹಿಡಿದುಕೊಂಡು ಸ್ವಯಂಸೇವಕರು ಮುಂದುವರಿಸಿದ್ದು ಇದು. ಪ್ರತಿ ಫೋನಿಗೂ ಒಂದು ಸಂಕೇತನಾಮ ಇರುತ್ತೆ. ರೆಡ್ಮಿ ನೋಟ್ 4ದು ‘ಮಿಡೊ’. ಚೀನಾದಲ್ಲಿ ಇದೇ ಹೆಸರಿನ ಮೀಡಿಯಾಟೆಕ್ ಫೋನ್ ಒಂದಿದೆ, ಅದರ ಸಂಕೇತನಾಮ ‘ನಿಕೆಲ್’. ಅಂಗಡಿ ಹೆಸರಿಗಿಂತ ಸಂಕೇತನಾಮ ನಂಬಿ. ಲಿನೇಜ್ ತಾಣದಲ್ಲಿ ನಿಮ್ಮ ಫೋನಿನ ಪುಟ ತೆಗೆದು, ಕಂಪನಿಯ ಯಾವ ಫರ್ಮ್‌ವೇರ್ (ಫೋನಿನ ತಳದ ಸಾಫ್ಟ್‌ವೇರ್) ಮೇಲೆ ಹಾಕಬೇಕು ಅಂತ ಬರೆದಿದೆಯೋ ಅದನ್ನ ಮೊದಲು ಓದಿ. ನಾನು ಎಂಐಯುಐನ ಕೊನೆಯ ಅಪ್‌ಡೇಟ್ ಹಾಕಿಕೊಂಡೇ ಕೆಲಸ ಶುರು ಮಾಡಿದೆ.

ಸಾಮಾನು ಜಾಸ್ತಿ ಏನಿಲ್ಲ. ಒಂದು ವಿಂಡೋಸ್ ಕಂಪ್ಯೂಟರ್, ಫೋನಿಗೆ ಕಂಪ್ಯೂಟರಿನಿಂದ ಕಮಾಂಡ್ ಕೊಡೋಕೆ ಗೂಗಲ್‌ನವರ ‘ಪ್ಲಾಟ್‌ಫಾರ್ಮ್ ಟೂಲ್ಸ್’, ಮತ್ತೆ ಡೇಟಾ ಹೋಗೋ ಮೈಕ್ರೋ ಯುಎಸ್‌ಬಿ ಕೇಬಲ್. ಈ ಕೇಬಲ್ ವಿಷಯದಲ್ಲೇ ನನ್ನ ಒಂದು ಸಂಜೆ ಹಾಳಾಯಿತು. ಬಸ್ ಸ್ಟ್ಯಾಂಡಿನಲ್ಲಿ ಐವತ್ತು ರೂಪಾಯಿಗೆ ಸಿಗೋ ಕೇಬಲುಗಳಲ್ಲಿ ಎಷ್ಟೋ ಬರೀ ಚಾರ್ಜಿಂಗ್‌ಗೆ. ಒಳಗೆ ಡೇಟಾ ತಂತಿಯೇ ಇರಲ್ಲ. ಫೋನಿನಲ್ಲಿ ಚಾರ್ಜ್ ಗುರುತು ಬರುತ್ತೆ, ಕಂಪ್ಯೂಟರಿಗೆ ಮಾತ್ರ ಫೋನ್ ಕಾಣಲ್ಲ. ಯುಎಸ್‌ಬಿ 3 ಪೋರ್ಟಿನಲ್ಲಿ ಫಾಸ್ಟ್‌ಬೂಟ್ (ಫೋನು ಕಂಪ್ಯೂಟರಿನ ಕಮಾಂಡಿಗೆ ಕಾಯೋ ಸ್ಥಿತಿ) ಕಣ್ಣುಮುಚ್ಚಾಲೆ ಆಡೋದೂ ಉಂಟು. ಕಪ್ಪು ಬಣ್ಣದ ಹಳೇ ಪೋರ್ಟಿಗೆ ಸಿಕ್ಕಿಸಿ. ಫೋನಿನ ಬೆನ್ನು ಉಬ್ಬಿದ್ದರೆ ಬ್ಯಾಟರಿ ಬದಲಾಯಿಸೋ ತನಕ ಯಾವುದಕ್ಕೂ ಕೈ ಹಾಕಬೇಡಿ.

ಫೋಟೋ, ನಂಬರು, ವಾಟ್ಸಾಪ್ ಎಲ್ಲ ಬೇರೆ ಕಡೆ ತೆಗೆದಿಡಿ. ಒಳಗಿರೋದೆಲ್ಲ ಅಳಿಸಿ ಹೋಗುತ್ತೆ ಅಂತಲೇ ಲೆಕ್ಕ.

ಈಗ ಅಜ್ಜನನ್ನ ಒಪ್ಪಿಸೋ ಕೆಲಸ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ಗೆ ಹೋಗಿ ಎಂಐಯುಐ ವರ್ಷನ್ ಮೇಲೆ ಏಳು ಸಲ ಒತ್ತಿ. ‘ಅಡಿಷನಲ್ ಸೆಟ್ಟಿಂಗ್ಸ್’ ಒಳಗೆ ‘ಡೆವಲಪರ್ ಆಪ್ಷನ್ಸ್’ ಅಂತ ಬರುತ್ತೆ. ಅಲ್ಲಿ ‘ಓಇಎಂ ಅನ್‌ಲಾಕಿಂಗ್’, ‘ಯುಎಸ್‌ಬಿ ಡೀಬಗಿಂಗ್’ ಎರಡೂ ಆನ್ ಮಾಡಿ, ‘ಮಿ ಅನ್‌ಲಾಕ್ ಸ್ಟೇಟಸ್’ನಲ್ಲಿ ನಿಮ್ಮ ಮಿ (ಶಿಯೋಮಿ ಕಂಪನಿಯ) ಖಾತೆ ಸೇರಿಸಿ. ಆ ಹೊತ್ತಿಗೆ ವೈಫೈ ಆಫ್ ಇರಲಿ, ಸಿಮ್ಮಿನ ಡೇಟಾ ಆನ್ ಇರಲಿ. ಆಮೇಲೆ ಫೋನ್ ಆಫ್ ಮಾಡಿ, ವಾಲ್ಯೂಮ್ ಕೆಳಗಿನ ಬಟನ್ ಮತ್ತು ಪವರ್ ಒಟ್ಟಿಗೆ ಹಿಡಿದರೆ ಫಾಸ್ಟ್‌ಬೂಟ್ ಪರದೆ ಬರುತ್ತೆ. ತುಪ್ಪಳದ ಟೋಪಿ ಹಾಕಿಕೊಂಡ ಮೊಲವೊಂದು ಆಂಡ್ರಾಯ್ಡ್ ಗೊಂಬೆಯನ್ನ ರಿಪೇರಿ ಮಾಡ್ತಿರೋ ಚಿತ್ರ. ಕಂಪ್ಯೂಟರಿನಲ್ಲಿ ‘ಮಿ ಅನ್‌ಲಾಕ್’ ತೆಗೆದು, ಅದೇ ಖಾತೆಯಿಂದ ಒಳಗೆ ಹೋಗಿ, ಅನ್‌ಲಾಕ್ ಒತ್ತಿ.

ತಕ್ಷಣ ಆಗಲ್ಲ. ನನಗೆ ‘168 ಗಂಟೆ ಬಿಟ್ಟು ಬಾ’ ಅಂತು. ಏಳು ದಿನ. ಅವಸರಕ್ಕೆ ಖಾತೆ ತೆಗೆದು ಮತ್ತೆ ಸೇರಿಸೋದಕ್ಕೆ ಹೋಗಬೇಡಿ, ಗಡುವು ಮೊದಲಿಂದ ಶುರುವಾಗಿಬಿಡಬಹುದು. ಹಿಟ್ಟು ಹುದುಗೋ ತನಕ ಇಡ್ಲಿ ಹೊಯ್ಯಕ್ಕಾಗಲ್ಲ, ಹಾಗೇ ಕಾಯಿರಿ.

ಗಡುವು ಮುಗಿದು ಅನ್‌ಲಾಕ್ ಆದ ಮೇಲೆ ಎಲ್ಲರೂ ನೇರವಾಗಿ ರಾಮ್ ಹಾಕಕ್ಕೆ ಹೊರಡ್ತಾರೆ. ಇಲ್ಲಿ ನಿಲ್ಲಿ. ಈ ಬರಹದಲ್ಲಿ ಒಂದೇ ಒಂದು ಪ್ಯಾರಾ ಓದ್ತೀರಿ ಅಂದರೆ ಮುಂದಿನದನ್ನ ಓದಿ.

ರಾಮ್ ಕೆಟ್ಟರೆ ಇನ್ನೊಂದು ಸಲ ಇಳಿಸಿಕೊಳ್ಳಬಹುದು. ರಿಕವರಿ (ಆಂಡ್ರಾಯ್ಡ್ ಹಾಕಕ್ಕೆ, ಅಳಿಸಕ್ಕೆ ಇರೋ ಪುಟ್ಟ ಸಾಫ್ಟ್‌ವೇರ್) ಹೋದರೆ ಇನ್ನೊಂದು ಹಾಕಬಹುದು. ಆದರೆ ‘ಇಎಫ್‌ಎಸ್’ ಮತ್ತು ‘ಪರ್ಸಿಸ್ಟ್’ ಅನ್ನೋ ಎರಡು ಪುಟ್ಟ ವಿಭಾಗಗಳು ಜಗತ್ತಿನಲ್ಲಿ ಇರೋದು ನಿಮ್ಮ ಫೋನಿನೊಳಗೆ ಮಾತ್ರ. ಮೊದಲನೆಯದರಲ್ಲಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಮತ್ತು ನೆಟ್‌ವರ್ಕಿನ ವಿವರ, ಎರಡನೆಯದರಲ್ಲಿ ಸೆನ್ಸರುಗಳ ಅಳತೆ. ಇದು ನನಗೆ ಗೊತ್ತಾಗಿದ್ದು ಇದಕ್ಕೂ ಹಿಂದಿನ ಫೋನಿನಲ್ಲಿ. ಬ್ಯಾಕಪ್ಪೂ ಇಲ್ಲ, ಏನೂ ಇಲ್ಲ, ಅಕ್ಕಪಕ್ಕದ ಮಾಡೆಲ್ಲಿನ ಫೈಲ್ ಹಾಕಿದೆ. ಪರದೆ ಬಂತು, ಹಾಡು ಬಂತು, ಸಿಗ್ನಲ್ ಬರಲಿಲ್ಲ. ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದರೆ ಐಎಂಇಐ ಜಾಗದಲ್ಲಿ ಬರೀ ಸೊನ್ನೆ. ರಿಪೇರಿಯವನೊಬ್ಬ ‘ಮುನ್ನೂರು ಕೊಡಿ, ಯಾವುದೋ ಒಂದು ನಂಬರ್ ಬರೆದುಕೊಡ್ತೀನಿ’ ಅಂದ. ಐಎಂಇಐ ತಿದ್ದೋದು ಅಪರಾಧ, ಜೈಲಿಗೆ ಕಳಿಸೋ ಅಪರಾಧ. ಆ ಫೋನ್ ಈಗ ಅಕ್ಕನ ಮಗನ ವಿಡಿಯೋ ಗೇಮ್.

ಅದಕ್ಕೆ ಈ ಸಲ ಮೊದಲು ಬ್ಯಾಕಪ್ ತೆಗೆಯಕ್ಕೆ ಬರೋ ಟಿಡಬ್ಲ್ಯುಆರ್‌ಪಿ ಅನ್ನೋ ರಿಕವರಿಯ ಮಿಡೊ ಫೈಲ್ ಇಳಿಸಿಕೊಂಡೆ. ಕಮಾಂಡುಗಳನ್ನ ಇಲ್ಲಿ ಕನ್ನಡದಲ್ಲಿ ಬರೆದಿದ್ದೀನಿ, ನೀವು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೊಡೆಯಬೇಕು. ಮೊಲದ ಪರದೆಯಲ್ಲಿ ‘ಫಾಸ್ಟ್‌ಬೂಟ್ ಡಿವೈಸಸ್’ ಅಂತ ಕೊಟ್ಟಾಗ ಒಂದು ಸಂಖ್ಯೆ ಕಾಣಿಸಿದರೆ ಕೇಬಲ್, ಡ್ರೈವರ್ ಎಲ್ಲ ಸರಿ ಇದೆ ಅಂತ ಅರ್ಥ. ಆಮೇಲೆ ‘ಫಾಸ್ಟ್‌ಬೂಟ್ ಬೂಟ್’ ಅಂತ ಹೊಡೆದು ಪಕ್ಕದಲ್ಲಿ ಆ ಫೈಲಿನ ಹೆಸರು. ಫೋನಿಗೆ ಅಂಟಿಸದೆ ಒಂದು ಸಲಕ್ಕೆ ಮಾತ್ರ ಆ ರಿಕವರಿ ತೆರೆದುಕೊಳ್ಳುತ್ತೆ. ಬ್ಯಾಕಪ್‌ಗೆ ಹೋಗಿ ಇಎಫ್‌ಎಸ್, ಪರ್ಸಿಸ್ಟ್ ಎರಡಕ್ಕೂ ಟಿಕ್ ಹಾಕಿ, ಮೆಮೊರಿ ಕಾರ್ಡಿಗೆ ತೆಗೆದು, ಅಲ್ಲಿಂದ ಕಂಪ್ಯೂಟರಿಗೆ, ಡ್ರೈವಿಗೆ, ನನಗೇ ನಾನು ಒಂದು ಇಮೇಲಿಗೆ ಹಾಕಿಟ್ಟೆ. ಹಿಂದಿನ ಫೋನಿನ ಪಾಠ ಅಷ್ಟು ಮಾಡಿಸಿತು.

ಇನ್ನು ರಾಮ್. ಫೈಲ್ ಇಳಿಸಿದ ಮೇಲೆ ತಾಣದಲ್ಲಿ ಕೊಟ್ಟಿರೋ ಎಸ್‌ಎಚ್‌ಎ256 ಮೊತ್ತದ (ಫೈಲಿನ ಬೆರಳಚ್ಚು ಅನ್ನಿ) ಜೊತೆ ತಾಳೆ ನೋಡಿ. ವಿಂಡೋಸಿನಲ್ಲಿ ‘ಸರ್ಟ್‌ಯುಟಿಲ್’ ಅನ್ನೋ ಕಮಾಂಡೇ ಅದನ್ನ ಲೆಕ್ಕ ಹಾಕಿಕೊಡುತ್ತೆ. ಕರೆಂಟ್ ಹೋಗಿ ಬಂದು ಡೌನ್‌ಲೋಡ್ ಅರ್ಧಕ್ಕೆ ನಿಂತ ಫೈಲು ನೋಡಕ್ಕೆ ಪೂರ್ತಿ ಇದ್ದ ಹಾಗೇ ಕಾಣುತ್ತೆ. ಮತ್ತೆ ಮೊಲದ ಪರದೆಗೆ ಬಂದು ‘ಫಾಸ್ಟ್‌ಬೂಟ್ ಫ್ಲ್ಯಾಶ್ ರಿಕವರಿ’ ಅಂತ ಕೊಟ್ಟು ಲಿನೇಜ್‌ನ ಸ್ವಂತ ರಿಕವರಿ ಹಾಕಿದೆ. ಮುಗಿದ ಕೂಡಲೇ ವಾಲ್ಯೂಮ್ ಮೇಲಿನ ಬಟನ್ ಮತ್ತು ಪವರ್ ಹಿಡಿದು ರಿಕವರಿಗೇ ಹೋಗಬೇಕು. ನಡುವೆ ಎಂಐಯುಐ ಒಂದು ಸಲ ಆನ್ ಆಯಿತೋ, ತನ್ನ ಹಳೇ ರಿಕವರಿಯನ್ನ ತಂದು ಕೂರಿಸಿಕೊಂಡುಬಿಡುತ್ತೆ.

ಅಲ್ಲಿ ‘ಫ್ಯಾಕ್ಟರಿ ರೀಸೆಟ್’ ಒಳಗೆ ‘ಫಾರ್ಮ್ಯಾಟ್ ಡೇಟಾ’ ಒತ್ತಿ. ಇದನ್ನ ಬಿಟ್ಟರೆ ಹಳೇ ಎನ್‌ಕ್ರಿಪ್ಷನ್ ಹಾಗೇ ಉಳಿದು ಫೋನ್ ಲೋಗೋದಲ್ಲೇ ಗಾಣದ ಎತ್ತಿನ ಥರ ಸುತ್ತುತ್ತೆ. ಆಮೇಲೆ ‘ಅಪ್ಲೈ ಅಪ್‌ಡೇಟ್’, ಅದರಲ್ಲಿ ‘ಅಪ್ಲೈ ಫ್ರಮ್ ಎಡಿಬಿ’. ಕಂಪ್ಯೂಟರಿನಿಂದ ‘ಎಡಿಬಿ ಸೈಡ್‌ಲೋಡ್’ ಅಂತ ಹೊಡೆದು ಪಕ್ಕದಲ್ಲಿ ಝಿಪ್ ಫೈಲಿನ ಹೆಸರು.

ಶೇಕಡಾ ಲೆಕ್ಕ ಏರ್ತಾ ಹೋಯಿತು. 45, 46, 47. ನಿಂತಿತು. ಐದು ನಿಮಿಷ ಆದರೂ 47. ಕೈ ಬೆವರಿತು. ಕೇಬಲ್ ಎಳೆದುಬಿಡೋಣ ಅನ್ನಿಸಿತು, ಎಳೆಯಲಿಲ್ಲ. ಆಮೇಲೆ ‘ಫೇಲ್ಡ್’ ಅಂತ ಶುರುವಾಗಿ ‘ನೋ ಎರರ್’ ಅಂತ ಮುಗಿಯೋ ಒಂದು ಸಾಲು ಬಂತು. ಆಗಿಲ್ಲ, ತಪ್ಪೂ ಇಲ್ಲ! ಇದು ಈ ಉಪಕರಣದ ಹಳೇ ಚಾಳಿ. ಕೆಲಸ ಸರಿಯಾಗಿ ಮುಗಿದಿದ್ದರೂ ಕೆಲವು ಸಲ ಕಂಪ್ಯೂಟರಿನಲ್ಲಿ 47ಕ್ಕೇ ನಿಲ್ಲುತ್ತೆ. ಕಂಪ್ಯೂಟರ್ ಬಿಟ್ಟು ಫೋನಿನ ಪರದೆ ಏನು ಹೇಳುತ್ತೆ ನೋಡಿ. ಅದೇ ‘ಎರರ್ 7’ ಅಂತ ಬಂದರೆ ಮಾತ್ರ ಅನುಮಾನಪಡಿ. ಸಾಮಾನ್ಯವಾಗಿ ಅದು ಬೇರೆ ಮಾಡೆಲ್ಲಿನ ಫೈಲ್ ಅಂತ ಅರ್ಥ. ‘ಮಾಡೆಲ್ ಸರಿಯಿದೆಯಾ ಅಂತ ನೋಡೋ ಪರೀಕ್ಷೆಯ ಸಾಲನ್ನ ಫೈಲಿನಿಂದ ಅಳಿಸಿ ಹಾಕಿ’ ಅಂತ ಸಲಹೆ ಕೊಡೋ ಮಹಾನುಭಾವರಿದ್ದಾರೆ. ನನ್ನ ಸೊನ್ನೆ ಸೊನ್ನೆ ಐಎಂಇಐ ನೆನಪಿಸಿಕೊಳ್ಳಿ.

ಪ್ಲೇ ಸ್ಟೋರ್ ಬೇಕಿದ್ದರೆ ಗೂಗಲ್ ಆ್ಯಪ್‌ಗಳ ಪೊಟ್ಟಣವನ್ನ ಫೋನ್ ಮೊದಲ ಸಲ ಆನ್ ಆಗೋ ಮುಂಚೆಯೇ ಹಾಕಬೇಕು. ಲಿನೇಜ್‌ನಲ್ಲಿ ಅದು ಬಂದಿರಲ್ಲ. ನಾನು ಹಾಕಿದ್ದು ಮೈಂಡ್‌ದಗ್ಯಾಪ್ಸ್. ಆಂಡ್ರಾಯ್ಡ್ ಆವೃತ್ತಿ ಹೊಂದಬೇಕು, ಮಿಡೊದ ಪ್ರೊಸೆಸರಿಗೆ ‘ಆರ್ಮ್64’ ನಮೂನೆಯದು ಆಗಬೇಕು. ಸಹಿ ತಾಳೆಯಾಗ್ತಿಲ್ಲ, ಆದರೂ ಹಾಕಲಾ ಅಂತ ರಿಕವರಿ ಕೇಳುತ್ತೆ, ಹೂಂ ಅನ್ನಿ. ಮೊದಲ ಸಲ ಆನ್ ಆಗೋದು ನಿಧಾನ. ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದಾಗ ಕನ್ನಡ ಆರಿಸಿಕೋ ಅಂತ ಪರದೆ ಕಾಯ್ತಾ ಇತ್ತು.

ಒಂದು ಮಾತು ಮುಚ್ಚುಮರೆ ಇಲ್ಲದೆ ಹೇಳಬೇಕು. ಬೂಟ್‌ಲೋಡರ್ ಅನ್‌ಲಾಕ್ ಮಾಡಿದ ಫೋನಿನಲ್ಲಿ ಬ್ಯಾಂಕಿನ ಆ್ಯಪ್, ಯುಪಿಐ ಆ್ಯಪ್ ನಡೆಯೋದು ನಂಬಿಕೆಯ ಮಾತಲ್ಲ. ಗೂಗಲ್‌ನ ‘ಪ್ಲೇ ಇಂಟೆಗ್ರಿಟಿ’ ಪರೀಕ್ಷೆಯಲ್ಲಿ ಇಂಥ ಫೋನ್ ಪಾಸಾಗದೆ ಹೋಗಬಹುದು, ಇವತ್ತು ನಡೆದದ್ದು ನಾಳೆ ನಿಲ್ಲಬಹುದು. ಕಳ್ಳರ ಕೈಗೆ ಸಿಕ್ಕರೆ ಬೇರೆ ಸಾಫ್ಟ್‌ವೇರ್ ಹಾಕೋದು ಅವರಿಗೂ ಸುಲಭ. ದುಡ್ಡಿನ ವ್ಯವಹಾರ ಇರೋ ಒಂದೇ ಫೋನಿಗೆ ಇದನ್ನ ಮಾಡಬೇಡಿ.

ವಾಪಸ್ ಎಂಐಯುಐಗೆ ಹೋಗಬೇಕು ಅನ್ನಿಸಿದರೆ ‘ಮಿ ಫ್ಲ್ಯಾಶ್’ ಅಂತ ಉಪಕರಣ ಇದೆ. ಅದರ ಕಿಟಕಿಯ ಕೆಳಗೆ ಬಲಮೂಲೆಯಲ್ಲಿ ಮೂರು ಆಯ್ಕೆ. ಅದರಲ್ಲಿ ‘ಕ್ಲೀನ್ ಆಲ್ ಅಂಡ್ ಲಾಕ್’ ತಾನಾಗೇ ಆರಿಸಿಕೊಂಡು ಕೂತಿರುತ್ತೆ. ಅದನ್ನ ನೋಡದೆ ಒತ್ತಿ, ಆ ಫೋನಿನದ್ದಲ್ಲದ ಪ್ರದೇಶದ ರಾಮ್ ಹಾಕಿ, ಬೀಗವೂ ಬಿದ್ದು, ಫೋನನ್ನ ಇಟ್ಟಿಗೆ ಮಾಡಿಕೊಂಡವರು ಬೇಕಾದಷ್ಟು ಜನ. ‘ಕ್ಲೀನ್ ಆಲ್’ ಸಾಕು.

ರೂಟ್ ನನಗೆ ಬೇಕಾಗಿದ್ದು ಒಂದೇ ಕಾರಣಕ್ಕೆ. ಅಮ್ಮನ ಫೋನ್ ದಿನವಿಡೀ ಚಾರ್ಜರಿಗೆ ಅಂಟಿಕೊಂಡಿರುತ್ತೆ, ಅದೂ ಒಲೆ ಕಾವಿನ ಹತ್ತಿರ. ಲೀಥಿಯಂ ಬ್ಯಾಟರಿಯನ್ನ ಬಿಸಿಯಲ್ಲಿ ಯಾವಾಗಲೂ ನೂರಕ್ಕೆ ತುಂಬಿಸಿಟ್ಟರೆ ಬೇಗ ಸವೆಯುತ್ತೆ, ಉಬ್ಬುತ್ತೆ. ಕೆಲವು ಫೋನುಗಳಲ್ಲಿ ಲಿನೇಜ್‌ನ ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲೇ ‘ಚಾರ್ಜಿಂಗ್ ಕಂಟ್ರೋಲ್’ ಇರುತ್ತೆ. ಮೊದಲು ಅಲ್ಲಿ ನೋಡಿ, ಇದ್ದರೆ ರೂಟಿನ ಗೊಡವೆಯೇ ಬೇಡ. ನನಗೆ ಅಲ್ಲಿ ಸಿಗಲಿಲ್ಲ.

ಲಿನೇಜ್‌ನ ಝಿಪ್ ಬಿಚ್ಚಿದರೆ ಅದರೊಳಗೆ ಬೂಟ್ ಇಮೇಜ್ (ಫೋನ್ ಆನ್ ಆಗುವಾಗ ಮೊದಲು ಓಡೋ ಭಾಗ) ಫೈಲ್ ಸಿಗುತ್ತೆ. ಅದನ್ನ ಫೋನಿಗೆ ಹಾಕಿ, ರೂಟ್ ಕೊಡೋ ಮ್ಯಾಜಿಸ್ಕ್ ಆ್ಯಪ್ ಇನ್‌ಸ್ಟಾಲ್ ಮಾಡಿ, ‘ಸೆಲೆಕ್ಟ್ ಅಂಡ್ ಪ್ಯಾಚ್ ಎ ಫೈಲ್’ ಅಂತ ಕೊಟ್ಟರೆ ತಿದ್ದಿದ ಫೈಲೊಂದು ತಯಾರಾಗುತ್ತೆ. ಅದನ್ನ ಕಂಪ್ಯೂಟರಿಗೆ ತಂದು ‘ಫಾಸ್ಟ್‌ಬೂಟ್ ಫ್ಲ್ಯಾಶ್ ಬೂಟ್’ ಅಂತ ಹೊಡೆದರೆ ರೂಟ್ ಆಯಿತು. ಮ್ಯಾಜಿಸ್ಕ್ ಅನ್ನ ಅದನ್ನ ಬರೆದ ಜಾನ್ ವೂ ಅವರ ಗಿಟ್‌ಹಬ್ ಪುಟದಿಂದಲೇ ತಗೊಳ್ಳಿ. ಅದೇ ಹೆಸರು ಹೊತ್ತ ನಕಲಿ ತಾಣಗಳಿವೆ, ಮನೆಯ ಬೀಗದಕೈ ಗೊಂಚಲನ್ನ ಅವರ ಕೈಗೆ ಕೊಟ್ಟ ಹಾಗಾಗುತ್ತೆ. ತಿದ್ದದ ಮೂಲ ಬೂಟ್ ಫೈಲನ್ನೂ ಜೋಪಾನ ಮಾಡಿ. ಏನಾದರೂ ಎಡವಟ್ಟಾದರೆ ಅದನ್ನ ಮತ್ತೆ ಹಾಕಿದರೆ ರೂಟ್ ಹೋಗಿ ಫೋನ್ ಉಳಿಯುತ್ತೆ. ಲಿನೇಜ್ ಅಪ್‌ಡೇಟ್ ಮಾಡಿದಾಗಲೆಲ್ಲ ನನ್ನದರಲ್ಲಿ ರೂಟ್ ಹೋಗುತ್ತೆ, ಹೊಸ ಬೂಟ್ ಫೈಲಿಗೆ ಇದೇ ಶಾಸ್ತ್ರ ಮತ್ತೆ ಮಾಡ್ತೀನಿ.

ಆಮೇಲೆ ಮ್ಯಾಜಿಸ್ಕ್‌ನಲ್ಲಿ ‘ಎಸಿಸಿ’ ಅನ್ನೋ ಮಾಡ್ಯೂಲ್ ಹಾಕಿ 60ಕ್ಕೆ ಚಾರ್ಜ್ ನಿಲ್ಲಿಸು, 50ಕ್ಕಿಳಿದರೆ ಮತ್ತೆ ಶುರು ಮಾಡು ಅಂತ ಹೇಳಿಟ್ಟೆ. ಫೋನ್ ಮತ್ತೆ ಮಿಕ್ಸಿ ಪಕ್ಕ ಹೋಯಿತು. ಸೈಟುಗಳು ತೆರೆಯುತ್ತಿವೆ, ಕೆಂಪು ಪರದೆ ಇಲ್ಲ.

ಮೂರನೇ ದಿನ ಅಂಗಡಿಗೆ ಅಮ್ಮನ ಕರೆ. ‘ಏನು ಮಾಡಿಬಿಟ್ಟೆಯೋ ಇದಕ್ಕೆ? ಬೆಳಿಗ್ಗೆಯಿಂದ ಸಿಕ್ಕಿಸಿದ್ದೀನಿ, ಅರವತ್ತರ ಮೇಲೆ ಒಂದು ಚುಕ್ಕಿ ಏರ್ತಿಲ್ಲ. ಬರ್ತಾ ಒಂದು ಒಳ್ಳೇ ಚಾರ್ಜರ್ ತಗೊಂಡು ಬಾ.’