ರಾಫ್ಟಿಂಗ್ ವಿಡಿಯೊ ನಡುಗದಿರಲು: ಮೊದಲು ಮೌಂಟ್, ಆಮೇಲೆ ಶಟರ್, ಕೊನೆಗೆ ಸ್ಟೆಬಿಲೈಸೇಷನ್

ವಿಡಿಯೊ ನಡುಗಿದೆ ಎಂದ ಕೂಡಲೇ ಎಲ್ಲರೂ ಕ್ಯಾಮೆರಾದ ಸ್ಟೆಬಿಲೈಸೇಷನ್ (ನಡುಕ ತಗ್ಗಿಸುವ) ಸೆಟ್ಟಿಂಗ್ ಹುಡುಕುತ್ತಾರೆ. ನಿಜಕ್ಕೂ ಅದು ಕೊನೆಗೆ ಮುಟ್ಟಬೇಕಾದದ್ದು. ಗೋಪ್ರೊ ಆ್ಯಕ್ಷನ್ ಕ್ಯಾಮೆರಾದ ಹೈಪರ್‌ಸ್ಮೂತ್ ಇರಲಿ, ಡಿಜೆಐನ ರಾಕ್‌ಸ್ಟೆಡಿ ಇರಲಿ, ಕೆಲಸ ಮಾಡುವ ರೀತಿ ಒಂದೇ. ಕ್ಯಾಮೆರಾ ಯಾವ ಕಡೆ ಎಷ್ಟು ತಿರುಗಿತು ಎಂಬುದನ್ನು ಗೈರೊಸ್ಕೋಪ್ ಅಳೆಯುತ್ತದೆ. ಚಿತ್ರದ ಅಂಚನ್ನು ಸುಮಾರು ಶೇ 10ರಷ್ಟು ಕತ್ತರಿಸಿ, ಉಳಿದ ಭಾಗವನ್ನು ಅಷ್ಟೇ ಪ್ರಮಾಣದಲ್ಲಿ ಎದುರು ದಿಕ್ಕಿಗೆ ಸರಿಸಲಾಗುತ್ತದೆ. ಹಾಗಾಗಿ ಅದು ಸರಿಪಡಿಸುವುದು ಚಲನೆಯನ್ನು ಮಾತ್ರ. ಒಂದೊಂದು ಫ್ರೇಮಿನೊಳಗೇ ಮಸುಕಾಗಿ ಹೋದದ್ದನ್ನು ಅದು ಮರಳಿ ತರಲಾರದು.

ಮೌಂಟ್, ಅಂದರೆ ಕ್ಯಾಮೆರಾವನ್ನು ಮೈಗೋ ಹೆಲ್ಮೆಟ್‌ಗೋ ಕೂರಿಸುವ ಸಾಧನದ ವಿಷಯಕ್ಕೆ ಬರೋಣ. ಹುಟ್ಟು ಹಾಕುವವರಿಗೆ ಎರಡು ಕೈಯೂ ಬೇಕು, ಆದ್ದರಿಂದ ಸೆಲ್ಫಿ ಸ್ಟಿಕ್ ಮನೆಯಲ್ಲೇ ಇರಲಿ. ಮೋಟರ್ ಬಲದಿಂದ ಕ್ಯಾಮೆರಾವನ್ನು ನೆಟ್ಟಗೆ ಹಿಡಿಯುವ ಗಿಂಬಲ್ ಕೂಡ ಬೇಡ. ತೆರೆಯ ಹೊಡೆತಕ್ಕೆ ಅದರ ಮೋಟರ್ ತಡೆಯುವುದಿಲ್ಲ. ಎದೆಗೆ ಕಟ್ಟುವ ಹಾರ್ನೆಸ್ ಒಳ್ಳೆಯದು. ಅದನ್ನು ಲೈಫ್ ಜಾಕೆಟ್ ಮೇಲೆ, ಉಸಿರು ಬಿಗಿಯಾಗದಷ್ಟು, ಆದರೆ ಕೈಯಿಂದ ಎಳೆದರೆ ಜಾರದಷ್ಟು ಬಿಗಿ ಮಾಡಿ. ಹುಟ್ಟು ಹಾಕುವಾಗ ಮೈ ಮುಂದಕ್ಕೆ ಬಾಗುವುದರಿಂದ ಕ್ಯಾಮೆರಾ ನಿಮ್ಮ ಮೊಣಕಾಲನ್ನೇ ನೋಡುತ್ತದೆ. ಇದಕ್ಕೆ ಕ್ಯಾಮೆರಾವನ್ನು ತಲೆಕೆಳಗಾಗಿ ಹಾಕಿ. ಆಗ ಲೆನ್ಸನ್ನು ಮೇಲಕ್ಕೆ ಹೆಚ್ಚು ಎತ್ತಬಹುದು. ದಡದಲ್ಲೇ ಬಾಗಿ ಕುಳಿತು, ಸ್ಕ್ರೀನಿನ ನಟ್ಟನಡುವೆ ರಾಫ್ಟಿನ ಮೂತಿ ಕಾಣುವಂತೆ ಕೋನ ಹೊಂದಿಸಿಕೊಳ್ಳಿ. ಆಟೊ ರೊಟೇಷನ್ ಆಫ್ ಮಾಡಿ, ದಿಕ್ಕನ್ನು ಸೆಟ್ಟಿಂಗ್‌ನಲ್ಲಿ ಲಾಕ್ ಮಾಡಿ. ಇಲ್ಲದಿದ್ದರೆ ರೆಕಾರ್ಡಿಂಗ್ ಶುರುವಾದ ಗಳಿಗೆಯಲ್ಲಿ ನೀವು ಹೇಗೆ ವಾಲಿದ್ದಿರೋ ಇಡೀ ಕ್ಲಿಪ್ ಹಾಗೇ ಬಂದೀತು.

ಹೆಲ್ಮೆಟ್ ಮೇಲಾದರೆ ನೆತ್ತಿಗೆ ಬೇಡ, ಹಣೆಯ ನೇರಕ್ಕೆ ಹಾಕಿ. ನೆತ್ತಿಯ ಮೇಲೆ ಎತ್ತರವಾಗಿ ನಿಂತ ಕ್ಯಾಮೆರಾ ತಲೆ ಅಲ್ಲಾಡಿದಷ್ಟೂ ಇನ್ನೂ ಹೆಚ್ಚು ತೂಗುತ್ತದೆ. ಕೊಂಬೆಗೋ ಹಗ್ಗಕ್ಕೋ ಸಿಕ್ಕಿಕೊಂಡರೆ ಕುತ್ತಿಗೆಗೂ ಅಪಾಯ. ಮೊದಲೇ ಗೈಡ್ ಅನ್ನು ಕೇಳಿಕೊಳ್ಳಿ. ಬಾಡಿಗೆ ಹೆಲ್ಮೆಟ್‌ಗೆ ಅಂಟಿಸುವ ಮೌಂಟ್ ನಂಬಬೇಡಿ, ಪಟ್ಟಿ ಕಟ್ಟುವ ಮೌಂಟ್ ತನ್ನಿ. ಸ್ವಂತ ಹೆಲ್ಮೆಟ್ ಆದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ಬಾಗಿದ ತಳದ ಮೌಂಟ್ ಅಂಟಿಸಿ, 24 ಗಂಟೆ ನೀರು ಸೋಕದಂತೆ ಬಿಡಿ. ಎಲ್ಲರ ಮುಖವೂ ಬೇಕೆಂದರೆ ಮುಂದಿನ ಸಾಲಿನವರು ಹಿಂದಕ್ಕೆ ತಿರುಗಿ ಹಿಡಿಯಬೇಕು. ಇಡೀ ತಂಡವೂ ನದಿಯೂ ಒಟ್ಟಿಗೆ ಬೇಕೆಂದರೆ ಹಿಂದೆ ಕೂರುವ ಗೈಡ್‌ನ ಹೆಲ್ಮೆಟ್‌ಗಿಂತ ಒಳ್ಳೆಯ ಜಾಗವಿಲ್ಲ.

ಮೌಂಟ್ ಬಿಗಿಯಾಯಿತೇ ಎಂದು ತಿಳಿಯಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಸದ್ದು ಬಂದರೆ ಆ ಸಡಿಲವೇ ಚಿತ್ರದಲ್ಲಿ ಜೆಲ್ಲಿಯಂಥ ಅಲುಗಾಟವಾಗಿ ಬರುತ್ತದೆ, ಅದನ್ನು ಯಾವ ಸಾಫ್ಟ್‌ವೇರ್ ಕೂಡ ಪೂರ್ತಿ ತೆಗೆಯದು. ತಿರುಪನ್ನು ಬೆರಳಿನಿಂದ ಬಿಗಿದರೆ ಸಾಲದು, ಸ್ಪ್ಯಾನರ್ ಬಳಸಿ. ಬಕಲ್ ಹಿಂದೆ ಸಿಕ್ಕಿಸುವ ಪುಟ್ಟ ರಬ್ಬರ್ ತುಂಡನ್ನು ಎಸೆಯದಿರಿ. ನೀರು ಅಪ್ಪಳಿಸಿದಾಗ ಬಕಲ್ ಬಿಚ್ಚಿಕೊಳ್ಳದಂತೆ ತಡೆಯುವುದು ಅದೇ. ಮೌಂಟ್‌ನ ಉದ್ದ ತೋಳುಗಳನ್ನು ಒಂದಕ್ಕೊಂದು ಜೋಡಿಸಬೇಡಿ. ಕ್ಯಾಮೆರಾ ತಾನಾಗಿ ತೇಲುವುದಿಲ್ಲ, ಫ್ಲೋಟ್ ಹಾಕಿ. ಸುರಕ್ಷತಾ ದಾರ ಗೇಣುದ್ದ ಸಾಕು, ಮಣಿಕಟ್ಟಿಗಂತೂ ಸುತ್ತಬಾರದು.

ಶಟರ್ ಎಂದರೆ ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು. ಇಲ್ಲಿ ಬೆಳಕೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಗಣೇಶಗುಡಿ ಬಳಿಯ ಕಾಳಿ ನದಿಯಲ್ಲಿ ರಾಫ್ಟ್ ಓಡುವುದು ಸೂಪಾ ಜಲಾಶಯದಿಂದ ಬಿಟ್ಟ ನೀರಿನ ಮೇಲೆ, ಹಾಗಾಗಿ ಬೇಸಿಗೆಯಲ್ಲೂ ಓಡುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಕ್ಯಾಮೆರಾ ತಾನೇ ಸೆಕೆಂಡಿನ 1/1000ಕ್ಕಿಂತ ವೇಗದ ಶಟರ್ ಆರಿಸಿಕೊಳ್ಳುತ್ತದೆ, ಚಿತ್ರ ಗರಿಗರಿಯಾಗಿ ಬರುತ್ತದೆ. ಕೊಡಗಿನ ಬರಪೊಳೆ ಹಾಗಲ್ಲ. ಅಲ್ಲಿ ರಾಫ್ಟಿಂಗ್ ಮಳೆಗಾಲದ್ದು. ಮೋಡ ಕವಿದ ಆಕಾಶ, ಎರಡೂ ದಡದಲ್ಲಿ ದಟ್ಟ ಕಾಡು. ಆಟೊದಲ್ಲೇ ಬಿಟ್ಟರೆ ಶಟರ್ 1/60, 1/120ಕ್ಕೆ ಇಳಿಯುತ್ತದೆ. ಆಗ ಸ್ಟೆಬಿಲೈಸೇಷನ್‌ನಿಂದಾಗಿ ಚಿತ್ರದಲ್ಲಿ ಬಂಡೆ ಇದ್ದಲ್ಲೇ ಇರುತ್ತದೆ, ಆದರೆ ರಾಫ್ಟ್ ಕುಕ್ಕಿದಾಗಲೆಲ್ಲ ಗಳಿಗೆ ಹೊತ್ತು ಮಸುಕಾಗಿ ಮತ್ತೆ ಸ್ಪಷ್ಟವಾಗುತ್ತದೆ. ಇದಕ್ಕೆ ಶಟರನ್ನು 1/480ಕ್ಕೆ ಕಟ್ಟಿಹಾಕಿ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮಿತಿಯನ್ನು 1600ರವರೆಗೆ ಬಿಡಿ. ಚಿತ್ರದಲ್ಲಿ ಒಂದಷ್ಟು ಕಾಳು ಕಾಳು ಕಂಡರೂ ಮಸುಕಿಗಿಂತ ವಾಸಿ. ಎನ್‌ಡಿ ಫಿಲ್ಟರ್ ಬೆಳಕನ್ನು ತಗ್ಗಿಸಿ ಶಟರನ್ನು ನಿಧಾನ ಮಾಡುತ್ತದೆ, ಹಾಗಾಗಿ ರಾಪಿಡ್‌ನಲ್ಲಿ (ನೀರು ರಭಸದಿಂದ ನುಗ್ಗುವ ಕಡೆ) ಅದು ಬೇಡವೇ ಬೇಡ.

ಉಳಿದದ್ದು: 4ಕೆ, ಸೆಕೆಂಡಿಗೆ 60 ಫ್ರೇಮ್, ವೈಡ್ ಲೆನ್ಸ್, ಸ್ಟೆಬಿಲೈಸೇಷನ್ ಆನ್. ಸ್ಟೆಬಿಲೈಸೇಷನ್ನಿನ ಹೆಚ್ಚಿನ ಮಟ್ಟವಾದ ಬೂಸ್ಟ್ ಹಾಕಿದರೆ ಅಂಚು ಇನ್ನಷ್ಟು ಕತ್ತರಿಸಿಹೋಗಿ ಹುಟ್ಟು, ಅಕ್ಕಪಕ್ಕದವರು ಚೌಕಟ್ಟಿನಿಂದ ಹೊರಗುಳಿಯುತ್ತಾರೆ. ಕ್ಯಾಮೆರಾ ವಾಲಿದರೂ ದಿಗಂತವನ್ನು ನೇರವಾಗಿಯೇ ಇಡುವ ಹೊರೈಜನ್ ಲಾಕ್ ಕೂಡ ರಾಪಿಡ್‌ಗೆ ಹೊಂದುವುದಿಲ್ಲ. ರಾಫ್ಟ್ ಪಕ್ಕಕ್ಕೆ ವಾಲಿದ್ದೇ ಗೊತ್ತಾಗದಿದ್ದರೆ ನೋಡುವವರಿಗೆ ಮಜಾ ಏನು? ಮನೆಗೆ ಬಂದು ಗೈರೊಫ್ಲೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಸರಿಪಡಿಸುವ ಯೋಚನೆಯಿದ್ದರೆ ಕ್ಯಾಮೆರಾದ ಸ್ಟೆಬಿಲೈಸೇಷನ್ ಆಫ್ ಮಾಡಿ ತೆಗೆಯಬೇಕು.

ಇನ್ನು ಹನಿಗಳ ಕಾಟ. ಹನಿ ಲೆನ್ಸಿಗೆ ಅಂಟಿರುತ್ತದೆ, ಚೌಕಟ್ಟು ಮಾತ್ರ ಸರಿಯುತ್ತದೆ. ಆದ್ದರಿಂದ ನದಿ ನಿಂತಂತೆ ಕಂಡು ಹನಿಯೇ ಕುಣಿಯತೊಡಗುತ್ತದೆ. ಸ್ಟೆಬಿಲೈಸೇಷನ್ ಚೆನ್ನಾಗಿದ್ದಷ್ಟೂ ಈ ಕುಣಿತ ಎದ್ದು ಕಾಣುತ್ತದೆ. ರಾಪಿಡ್‌ಗೆ ಮೊದಲು ಲೆನ್ಸಿನ ಗಾಜಿಗೆ ನಾಲಿಗೆ ತಾಗಿಸಿ, ನೀರಿನಲ್ಲಿ ಒಮ್ಮೆ ಅದ್ದಿ. ಎಂಜಲಿನಿಂದಾಗಿ ನೀರು ಹನಿಗಟ್ಟದೆ ತೆಳು ಪೊರೆಯಾಗಿ ಹರಡುತ್ತದೆ. ಬೆರಳಿನಿಂದ ಮಾತ್ರ ಒರೆಸಬೇಡಿ. ಸನ್‌ಸ್ಕ್ರೀನ್ ಮೆತ್ತಿಕೊಂಡರೆ ದಿನವಿಡೀ ಮಂಜು.

ಕ್ಯಾಮೆರಾ ನೀರಿನೊಳಗೆ ಮುಳುಗಿದಾಗ ಲೆಕ್ಕ ಬೇರೆ. ನೀರಿನಲ್ಲಿ ಬೆಳಕು ಬಾಗುವುದರಿಂದ ದೃಶ್ಯ ಸುಮಾರು 1.33 ಪಟ್ಟು ಹತ್ತಿರವಾದಂತೆ ಕಾಣುತ್ತದೆ, ಗೈರೊ ಲೆಕ್ಕ ಮಾತ್ರ ಗಾಳಿಯದ್ದೇ ಇರುತ್ತದೆ. ಹಾಗಾಗಿ ತಿದ್ದುಪಡಿ ಸಾಲದೆ ಚಿತ್ರ ತೇಲಾಡುತ್ತದೆ. ಅಲ್ಲಿ ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸುವುದೊಂದೇ ದಾರಿ.

ಹೊರಡುವ ಮುನ್ನ ಬ್ಯಾಟರಿ ಬಾಗಿಲಿನ ರಬ್ಬರ್ ಅಂಚಿನಲ್ಲಿ ಮರಳಿನ ಕಣವೋ ಕೂದಲೋ ಇದೆಯೇ ನೋಡಿ, ಸ್ಕ್ರೀನ್ ಲಾಕ್ ಮಾಡಿ. ಒದ್ದೆ ಸ್ಕ್ರೀನ್ ತಾನಾಗಿ ಮೋಡ್ ಬದಲಿಸಿಬಿಡುತ್ತದೆ. ಇದೇ ಕ್ಯಾಮೆರಾವನ್ನು ಮೂಲ್ಕಿಯ ಕಡಲಿಗೆ ಸರ್ಫಿಂಗ್‌ಗೆ ಒಯ್ದರೆ ಎರಡು ಮಾತು ನೆನಪಿರಲಿ: ಕಲಿಯುವವರ ಫೋಮ್ ಬೋರ್ಡಿಗೆ ಅಂಟು ಮೌಂಟ್ ನಿಲ್ಲುವುದಿಲ್ಲ, ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಮೌಂಟ್ ಬೇಕು, ದಡಕ್ಕೆ ಬಂದ ಮೇಲೆ ಬಾಗಿಲು ಮುಚ್ಚಿಯೇ 10–15 ನಿಮಿಷ ಸಿಹಿನೀರಿನಲ್ಲಿ ಮುಳುಗಿಸಿಟ್ಟು, ಪೂರ್ತಿ ಒಣಗಿಸಿದ ಮೇಲೆಯೇ ತೆರೆಯಿರಿ.