ಲೈವ್ ರಾಕ್‌ನೊಳಗೆ ಅಡಗಿ ಬಂದವರು: ನನ್ನ ಅನುಭವ

ನಾನಿರುವುದು ಫ್ಲೋರಿಡಾದ ಟ್ಯಾಂಪಾದಲ್ಲಿ. ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅಂದುಕೊಂಡಾಗ, ಒಣ ಕಲ್ಲು ಬೇಡ, ಲೈವ್ ರಾಕೇ (ಸಮುದ್ರದಲ್ಲಿದ್ದು ಮೈತುಂಬ ಜೀವಿಗಳನ್ನು ಹೊತ್ತ ಕಲ್ಲು) ಬೇಕು ಅಂತ ಮೊದಲೇ ತೀರ್ಮಾನಿಸಿದ್ದೆ. ಇಲ್ಲಿ ಸಮುದ್ರದ ತಳದಲ್ಲಿ ತಾನಾಗಿ ಇರುವ ಕಲ್ಲನ್ನು ಕಿತ್ತು ತರುವಂತಿಲ್ಲ. 1990ರ ದಶಕದಲ್ಲೇ ಅದನ್ನು ನಿಲ್ಲಿಸಿದರು. ಅದರ ಬದಲು ಗುತ್ತಿಗೆ ಪಡೆದ ಜಾಗದಲ್ಲಿ ಸುಣ್ಣದ ಕಲ್ಲುಗಳನ್ನು ಮುಳುಗಿಸಿ, ಕೆಲವು ವರ್ಷ ಬಿಟ್ಟು ಎತ್ತಿ ತರುತ್ತಾರೆ. ಅಷ್ಟರಲ್ಲಿ ಕಲ್ಲಿನ ಮೇಲೆ ಬೆರಳಿಡಲೂ ಜಾಗ ಇರುವುದಿಲ್ಲ. ಕೆಂಪು, ಹಳದಿ ಸ್ಪಂಜು, ಬಾರ್ನಕಲ್, ಪಾಚಿ, ಪುಟ್ಟ ಕಪ್ ಹವಳ. ಇದು ಹೊರಗೆ ಕಾಣುವ ಸಂಸಾರ. ತೂತುಗಳ ಒಳಗಿನದು ಬೇರೆಯೇ.

ಕಲ್ಲು ಬಂದ ಕೂಡಲೇ ನಾನು ಟ್ಯಾಂಕಿಗೆ ಹಾಕಲಿಲ್ಲ. ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಉಪ್ಪುನೀರು, ಹೀಟರ್, ನೀರು ತಿರುಗಿಸುವ ಪಂಪ್ ಇಟ್ಟು ಅಲ್ಲಿ ಬಿಟ್ಟೆ. ದಾರಿಯಲ್ಲಿ ಸತ್ತ ಸ್ಪಂಜು ಕೊಳೆತರೆ ನೀರಿನಲ್ಲಿ ಅಮೋನಿಯಾ ಏರುತ್ತದೆ, ಮೀನಿಗೆ ಅದು ವಿಷ. ಹಾಗಾಗಿ ನೀರು ಬದಲಿಸುತ್ತಾ, ಅಮೋನಿಯಾ ಮತ್ತು ಅದರಿಂದ ಹುಟ್ಟುವ ನೈಟ್ರೈಟ್ ಎರಡೂ ಸೊನ್ನೆ ಆಗುವವರೆಗೆ ಕಾದೆ. ಈ ಕಾಯುವ ಕಾಲವೇ ನೋಡುವ ಕಾಲ ಕೂಡ.

ನೋಡಬೇಕಾದದ್ದು ರಾತ್ರಿ. ದೀಪ ಆರಿಸಿ ಒಂದೆರಡು ಗಂಟೆ ಬಿಟ್ಟು, ಟಾರ್ಚಿಗೆ ಕೆಂಪು ಹಾಳೆ ಕಟ್ಟಿಕೊಂಡು ಬಗ್ಗಿ ನೋಡಿ. ಕೆಂಪು ಬೆಳಕಿಗೆ ಇವುಗಳಲ್ಲಿ ಹೆಚ್ಚಿನವು ಅಷ್ಟಾಗಿ ಬೆದರುವುದಿಲ್ಲ. ಹಗಲು ಬರೀ ಕಲ್ಲಾಗಿದ್ದದ್ದು ಆಗ ಸಂತೆ ಬೀದಿಯ ಹಾಗೆ ಓಡಾಡುತ್ತಿರುತ್ತದೆ. ನಕ್ಷತ್ರಮೀನಿನ ನೆಂಟರಾದ ಬ್ರಿಟಲ್ ಸ್ಟಾರ್‌ಗಳು ಸಂದಿಯಿಂದ ತೆಳ್ಳನೆಯ ತೋಳು ಚಾಚುತ್ತವೆ. ಕೋಪೆಪಾಡ್, ಆಂಫಿಪಾಡ್ ಎಂಬ ಸಿಗಡಿಯ ದೂರದ ನೆಂಟರಾದ ಪುಟಾಣಿ ಜೀವಿಗಳು ಚುಕ್ಕಿ ಚುಕ್ಕಿಯಾಗಿ ಜಿಗಿಯುತ್ತವೆ. ನಡುವೆ ಗುಲಾಬಿ ಬಣ್ಣದ, ಎರಡೂ ಬದಿಗೆ ಬಿಳಿ ಮುಳ್ಳುಗೂದಲಿರುವ ಹುಳ ನಿಧಾನವಾಗಿ ಹರಿಯುತ್ತದೆ. ಅದೇ ಬ್ರಿಸಲ್ ವರ್ಮ್.

ಹೊಸಬರು ಹೆಚ್ಚು ಹೆದರುವುದು ಇದಕ್ಕೇ. ಆದರೆ ಸಾಮಾನ್ಯ ಬ್ರಿಸಲ್ ವರ್ಮ್ ತಿನ್ನುವುದು ಉಳಿದ ಆಹಾರ, ಕೊಳೆತದ್ದು, ಸತ್ತದ್ದು. ಸತ್ತ ಬಸವನಹುಳದ ಮೇಲೆ ಇದನ್ನು ಕಂಡವರು ಇದೇ ಕೊಂದಿತು ಅಂದುಕೊಳ್ಳುತ್ತಾರೆ, ಪಾಪ. ನಾನು ಒಂದನ್ನೂ ತೆಗೆದಿಲ್ಲ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಆ ಕೂದಲು ಚರ್ಮಕ್ಕೆ ಚುಚ್ಚಿಕೊಂಡರೆ ಉರಿ. ಗ್ಲೌಸ್ ಹಾಕಿಕೊಳ್ಳಿ. ಚುಚ್ಚಿಕೊಂಡೇ ಬಿಟ್ಟರೆ ಅಂಟುವ ಟೇಪ್ ಒತ್ತಿ ಎಳೆಯಿರಿ.

ಕಾಲೆಲ್ಲ ರೋಮ ತುಂಬಿದ, ಉಗುರಿನ ತುದಿ ಕಪ್ಪಾಗಿರುವ ಏಡಿಗಳ ವಿಷಯ ಬೇರೆ. ಚಿಕ್ಕದಾಗಿದ್ದಾಗ ಮುದ್ದಾಗಿರುತ್ತವೆ. ಬೆಳೆದ ಮೇಲೆ ಬಸವನಹುಳ, ಹವಳ, ಕೈಗೆ ಸಿಕ್ಕರೆ ಮಲಗಿದ ಮೀನನ್ನೂ ಬಿಡುವುದಿಲ್ಲ. ಟಬ್ಬಿನಲ್ಲಿ ಇರುವಾಗಲೇ ಹಿಡಿದೆ. ಗಾಜಿನ ಲೋಟವನ್ನು ಓರೆಯಾಗಿ ಇಟ್ಟು, ಒಳಗೆ ಸಿಗಡಿ ಚೂರು ಹಾಕಿದರೆ ಬೆಳಗ್ಗೆ ಏಡಿ ಒಳಗೆ ಕೂತಿರುತ್ತದೆ, ಜಾರುವ ಗಾಜನ್ನು ಹತ್ತಲು ಅದಕ್ಕೆ ಆಗುವುದಿಲ್ಲ.

ಆಮೇಲೆ ಟಕ್ ಟಕ್ ಸದ್ದು ಶುರುವಾಯಿತು. ಇಂಥ ಸದ್ದಿಗೆ ಎರಡು ಕಾರಣ ಇರಬಹುದು. ಒಂದು ಪಿಸ್ಟಲ್ ಸಿಗಡಿ. ಇಕ್ಕಳದಂಥ ದೊಡ್ಡ ಮುಂಗಾಲಿನ ಬೆರಳನ್ನು ಫಟ್ಟನೆ ಮುಚ್ಚಿ ನೀರಿನಲ್ಲಿ ಗುಳ್ಳೆ ಎಬ್ಬಿಸುತ್ತದೆ, ಆ ಗುಳ್ಳೆ ಒಡೆಯುವುದೇ ಸದ್ದು. ಇದರಿಂದ ಅಂಥ ತೊಂದರೆ ಇಲ್ಲ. ಇನ್ನೊಂದು ಮ್ಯಾಂಟಿಸ್ ಸಿಗಡಿ. ಗದೆಯಂಥ ಮುಂಗಾಲಿನಿಂದ ಚಿಪ್ಪು ಒಡೆದು ತಿನ್ನುವ ಜೀವಿ. ಸದ್ದು ಕೇಳಿಯಷ್ಟೇ ಇದೇ ಅದು ಅಂತ ಹೇಳಲು ಬರುವುದಿಲ್ಲ. ಒಂದು ಕಲ್ಲಿನ ಕೆಳಗೆ ಒಡೆದ ಚಿಪ್ಪುಗಳ ರಾಶಿ ಕಂಡಾಗ ನನಗೆ ಗೊತ್ತಾಯಿತು. ಮರುದಿನ ರಾತ್ರಿ ತೂತಿನ ಬಾಯಲ್ಲಿ ಕಾಂಡದ ಮೇಲೆ ಕೂತ ಎರಡು ಕಣ್ಣು, ಒಂದೊಂದು ಒಂದೊಂದು ಕಡೆ ತಿರುಗುತ್ತಿದ್ದವು. ಅಬ್ಬಾ, ಏನು ಕಣ್ಣು!

ಕಲ್ಲನ್ನು ಎತ್ತಿ ಉಪ್ಪುನೀರಿನ ಬಕೆಟ್ ಮೇಲೆ ಹಿಡಿದು, ಸಿರಿಂಜಿನಿಂದ ಆ ತೂತಿಗೆ ಸೋಡಾ ನೀರು ಬಿಟ್ಟೆ. ಸಕ್ಕರೆ, ಫ್ಲೇವರ್ ಇಲ್ಲದ ಸಾದಾ ಸೋಡಾ. ಸಿಗಡಿ ಹೊರಗೆ ಜಾರಿ ಬಕೆಟ್ಟಿಗೆ ಬಿತ್ತು. ಅದನ್ನು ಕೊಲ್ಲಲು ಮನಸ್ಸು ಬರಲಿಲ್ಲ, ಕೊಲ್ಲಬೇಕಾಗಿಯೂ ಇರಲಿಲ್ಲ. ಚಿಕ್ಕ ಟ್ಯಾಂಕ್ ಒಂದರಲ್ಲಿ ಒಂದು ಕಲ್ಲು, ಒಂದು ಬಿಲ ಕೊಟ್ಟೆ. ಚಿಪ್ಪಿರುವ ಬಸವನಹುಳ ಹಾಕಿದರೆ ದಿನವಿಡೀ ಅದಕ್ಕೆ ಕೆಲಸ.

ನಿಜವಾದ ತಲೆನೋವು ಇಷ್ಟೆಲ್ಲ ಸದ್ದು ಮಾಡದೆ ಬರುತ್ತದೆ. ಐಪ್ಟೇಸಿಯಾ. ಕಂದು ಬಣ್ಣದ, ತೆಂಗಿನಮರದ ಆಕಾರದ ಪುಟ್ಟ ಅನಿಮೋನ್, ಅಂದರೆ ಕಲ್ಲಿಗೆ ಅಂಟಿಕೊಂಡು ಹೂವಿನ ಹಾಗೆ ಕಾಣುವ ಕಡಲ ಪ್ರಾಣಿ. ಇದನ್ನು ಕೆರೆದು ತೆಗೆಯಬಾರದು. ಕಲ್ಲಿನಲ್ಲಿ ಉಳಿದ ಚೂರುಗಳಿಂದಲೇ ಹೊಸವು ಹುಟ್ಟುತ್ತವೆ. ದೊಡ್ಡವುಗಳಿಗೆ ಸುಣ್ಣದ ಪೇಸ್ಟ್ ಬಾಯಿಗೇ ಚುಚ್ಚಿದೆ. ಚಿಕ್ಕವುಗಳನ್ನು ಪೆಪರ್‌ಮಿಂಟ್ ಸಿಗಡಿಗಳಿಗೆ ಬಿಟ್ಟೆ. ಎಲ್ಲ ಪೆಪರ್‌ಮಿಂಟ್ ಸಿಗಡಿಗಳೂ ಇದನ್ನು ತಿನ್ನುವುದಿಲ್ಲ, ಹಾಗಾಗಿ ಎರಡು ಮೂರು ಒಟ್ಟಿಗೆ ತರುವುದು ಒಳ್ಳೆಯದು.

ಬೆಂಗಳೂರಿನ ಗೆಳೆಯರು ನಮಗೂ ಇಂಥ ಕಲ್ಲು ಸಿಗುತ್ತದಾ ಅಂತ ಕೇಳುತ್ತಾರೆ. ಭಾರತದಲ್ಲಿ ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನಮ್ಮ ಕಡಲಿನಿಂದ ಹವಳದ ಕಲ್ಲು ಎತ್ತುವುದು ಅಪರಾಧ, ಮಾರುವವರಿದ್ದರೂ ಕೊಳ್ಳಬೇಡಿ. ಸೆರಾಮಿಕ್ ಕಲ್ಲಿಗೆ ಬಾಟಲಿಯಲ್ಲಿ ಸಿಗುವ, ಅಮೋನಿಯಾ ಇಳಿಸುವ ಬ್ಯಾಕ್ಟೀರಿಯಾ ಹಾಕಿ ಶುರು ಮಾಡಿ. ಬಲಿಯಲು ಸಮಯ ಜಾಸ್ತಿ ಹಿಡಿಯುತ್ತದೆ. ಆದರೆ ಅದಕ್ಕೂ ಜೀವ ಬರುತ್ತದೆ: ಮುಂದೆ ನೀವು ಕಾನೂನಿಗೆ ಒಪ್ಪುವಂತೆ ತರುವ ಹವಳದ ತುಂಡಿನ ಬುಡದಲ್ಲಿ ಸಾಮಾನ್ಯವಾಗಿ ಕೋಪೆಪಾಡ್, ಪುಟ್ಟ ಹುಳ ಇರುತ್ತವೆ. ಆ ಬುಡವನ್ನೂ ಟ್ಯಾಂಕಿಗೆ ಹಾಕುವ ಮೊದಲು ಟಾರ್ಚ್ ಹಿಡಿದು ನೋಡಿ.